ಡ್ರೈವರ್‌ಗೂ ಬಳಕೆದಾರ ಪ್ರೋಗ್ರಾಮಿಗೂ ಒಂದೇ ಹೆಡರ್ ಫೈಲ್: ಎಲ್ಲಿ ಇಡಬೇಕು, ಅದರಲ್ಲಿ ಏನಿರಬೇಕು?

ಪ್ರಶ್ನೆ: ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಐದು ಜನ ಸೇರಿ ನಡೆಸುವ ಸಣ್ಣ ಘಟಕವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಬ್ಯಾಡಗಿ ಸುತ್ತಮುತ್ತ ಒಣಮೆಣಸಿನಕಾಯಿ ಚೀಲಗಳನ್ನು ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೆ ತಾಪಮಾನ ಮತ್ತು ತೇವಾಂಶವನ್ನು ದಾಖಲಿಸುವ ಪೆಟ್ಟಿಗೆಯನ್ನು ನಾವು ಮಾಡಿಕೊಡುತ್ತೇವೆ. ಒಳಗೆ ಲಿನಕ್ಸ್ ಓಡುವ ಆರ್ಮ್ ಬೋರ್ಡು ಇದೆ. ಸೆನ್ಸರ್‌ಗಳನ್ನು ಓದುವ ಕರ್ನಲ್ ಮಾಡ್ಯೂಲನ್ನು, ಅಂದರೆ ಓಎಸ್‌ನ ತಿರುಳಾದ ಕರ್ನಲ್ಲಿನೊಳಗೆ ಸೇರಿ ಓಡುವ ಡ್ರೈವರನ್ನು, ನಾನೇ ಬರೆದಿದ್ದೇನೆ. ಐಒಸಿಟಿಎಲ್ (ಪ್ರೋಗ್ರಾಮ್ ಡ್ರೈವರಿಗೆ ಸಂಖ್ಯೆಯ ರೂಪದಲ್ಲಿ ಆದೇಶ ಕೊಡುವ) ಕರೆಯ ಮೂಲಕ ಅದರಿಂದ ಅಂಕಿಗಳನ್ನು ಪಡೆದು ಪರದೆಯ ಮೇಲೆ ತೋರಿಸಿ, ಫೈಲಿಗೂ ಬರೆಯುವ ಕೆಲಸವನ್ನು ಒಂದು ಸಿ ಪ್ರೋಗ್ರಾಮ್ ಮಾಡುತ್ತದೆ.

ಐಒಸಿಟಿಎಲ್ ಆದೇಶದ ಸಂಖ್ಯೆ ಮತ್ತು ಒಂದು ರೀಡಿಂಗನ್ನು ಹೊತ್ತು ತರುವ ಸ್ಟ್ರಕ್ಟ್ (ಹಲವು ಅಂಕಿಗಳನ್ನು ಒಟ್ಟಿಗೆ ಇಡುವ ರಚನೆ), ಈ ಎರಡೂ ಡ್ರೈವರಿಗೂ ಗೊತ್ತಿರಬೇಕು, ಪ್ರೋಗ್ರಾಮಿಗೂ ಗೊತ್ತಿರಬೇಕು. ಆ ಸ್ಟ್ರಕ್ಟಿನಲ್ಲಿ ಮೊದಲು ಸೆನ್ಸರಿನ ಕ್ರಮಸಂಖ್ಯೆಗೆ ಅನ್‌ಸೈನ್ಡ್ ಶಾರ್ಟ್, ನಂತರ ಸಮಯಕ್ಕೆ ಲಾಂಗ್, ಆಮೇಲೆ ತಾಪಮಾನಕ್ಕೊಂದು ಮತ್ತು ತೇವಾಂಶಕ್ಕೊಂದು ಇಂಟ್ ಇವೆ. ಎರಡೂ ಅಂಕಿಗಳನ್ನು ಸಾವಿರದಿಂದ ಗುಣಿಸಿ ಇಡುತ್ತೇನೆ, ಅಂದರೆ 5 ಡಿಗ್ರಿ ಎಂಬುದು 5000 ಆಗಿರುತ್ತದೆ. ಇಂಥ ವ್ಯಾಖ್ಯಾನಗಳನ್ನು ಇಡುವ, ಡ್ರೈವರಿನ ಹೆಡರ್ ಫೈಲಿನಲ್ಲಿ ಮ್ಯೂಟೆಕ್ಸ್, ಎಸ್‌ಪಿಐ ಸಾಧನ ಮುಂತಾದ ಕರ್ನಲ್ಲಿನ ಒಳ ಸಂಗತಿಗಳೂ ಇದ್ದುದರಿಂದ ಪ್ರೋಗ್ರಾಮಿನಲ್ಲಿ ಅದನ್ನು ಸೇರಿಸಲು ಆಗಲಿಲ್ಲ. ಹಾಗಾಗಿ ಬೇಕಾದ ಹತ್ತು ಸಾಲುಗಳನ್ನು ನಕಲು ಮಾಡಿ ಪ್ರೋಗ್ರಾಮಿನ ಫೋಲ್ಡರಿನಲ್ಲಿ ಬೇರೆ ಹೆಡರ್ ಇಟ್ಟುಕೊಂಡೆ. ಎರಡು ವರ್ಷ ಹಾಗೆಯೇ ನಡೆಯಿತು.

ಕಳೆದ ತಿಂಗಳು ಬೋರ್ಡಿನ ಓಎಸ್ ಅಪ್‌ಡೇಟ್ ಮಾಡಿದ ಮೇಲೆ ಕರ್ನಲ್ 64 ಬಿಟ್‌ನದಾಯಿತು, ಪ್ರೋಗ್ರಾಮುಗಳು ಮಾತ್ರ ಹಿಂದಿನಂತೆ 32 ಬಿಟ್‌ನಲ್ಲೇ ಉಳಿದವು. ಮಾಡ್ಯೂಲನ್ನು ಕ್ರಾಸ್ ಕಂಪೈಲರ್‌ನಿಂದ ಹೊಸದಾಗಿ ಕಟ್ಟಿದಾಗ ಒಂದು ಎಚ್ಚರಿಕೆಯೂ ಬರಲಿಲ್ಲ, ಅದು ಸರಿಯಾಗಿ ಲೋಡ್ ಕೂಡ ಆಯಿತು. ಆದರೆ ಪ್ರೋಗ್ರಾಮ್ ಐಒಸಿಟಿಎಲ್ ಕರೆದಾಗಲೆಲ್ಲ 25ನೇ ದೋಷ, ಅಂದರೆ ‘ಇನ್ಅಪ್ರೋಪ್ರಿಯೇಟ್ ಐಒಸಿಟಿಎಲ್ ಫಾರ್ ಡಿವೈಸ್’ ಎಂಬ ಉತ್ತರವೇ ಬರುತ್ತಿದೆ. ಡ್ರೈವರಿನ ಐಒಸಿಟಿಎಲ್ ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಪ್ರಿಂಟ್ ಹಾಕಿ ನೋಡಿದೆ, ಕರ್ನಲ್ ಲಾಗ್‌ನಲ್ಲಿ ಏನೂ ಕಾಣಲಿಲ್ಲ.

ಎರಡು ಪ್ರತಿಗಳಿರುವುದೇ ತೊಂದರೆಯ ಮೂಲವೆಂದು ಭಾವಿಸಿ, ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಲಿನಕ್ಸ್-ಹೆಡರ್ಸ್ ಪ್ಯಾಕೇಜಿನ ಇನ್‌ಕ್ಲೂಡ್ ಫೋಲ್ಡರನ್ನೇ ತೋರಿಸಿ, ಡ್ರೈವರಿನ ಹೆಡರನ್ನು ನೇರವಾಗಿ ಸೇರಿಸಲು ಪ್ರಯತ್ನಿಸಿದೆ. ನಾನು ಮುಟ್ಟದೇ ಇರುವ ಫೈಲುಗಳಲ್ಲೇ ನೂರಾರು ದೋಷಗಳು ಬಂದವು. ಕರ್ನಲ್ಲಿಗೂ ಪ್ರೋಗ್ರಾಮಿಗೂ ಸೇರಿದ ಹೆಡರನ್ನು ಸರಿಯಾದ ರೀತಿಯಲ್ಲಿ ಎಲ್ಲಿ ಇಡುತ್ತಾರೆ? ಈ ದೋಷಕ್ಕೂ ಅದಕ್ಕೂ ಸಂಬಂಧವಿದೆಯೇ?


ಉತ್ತರ: ಸಾಧನಕೇರಿ, ಧಾರವಾಡ

ನಿಮ್ಮ ಕೊನೆಯ ಪ್ರಯತ್ನ ಏಕೆ ವಿಫಲವಾಯಿತು ಎಂಬುದರಿಂದ ಆರಂಭಿಸುತ್ತೇನೆ, ಏಕೆಂದರೆ ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಉತ್ತರವೂ ಅಲ್ಲಿಂದಲೇ ಸಿಗುತ್ತದೆ. ಲಿನಕ್ಸ್-ಹೆಡರ್ಸ್ ಎಂಬ ಪ್ಯಾಕೇಜು ಮಾಡ್ಯೂಲ್ ಕಟ್ಟುವವರಿಗಾಗಿ ಇರುವಂಥದ್ದು. ಅದರಲ್ಲಿರುವುದು ಕರ್ನಲ್ ತನಗಾಗಿ ಬರೆದುಕೊಂಡ ಹೆಡರುಗಳು. ಅವು ಸಿ ಲೈಬ್ರರಿಯೇ ಇಲ್ಲದ ಲೋಕದಲ್ಲಿ ಬದುಕುವುದರಿಂದ ಸೈಜ್-ಟಿಯಂಥ ಮೂಲ ಟೈಪುಗಳನ್ನೂ ತಾವೇ ವ್ಯಾಖ್ಯಾನಿಸುತ್ತವೆ. ನೀವು ಅವನ್ನು ಪ್ರೋಗ್ರಾಮಿನೊಳಗೆ ತಂದಾಗ ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಹೆಡರುಗಳೂ ಅದೇ ಹೆಸರುಗಳಿಗೆ ತಮ್ಮ ಅರ್ಥವನ್ನು ಹೇಳುತ್ತವೆ, ಜಗಳ ಅಲ್ಲಿಯೇ ಹುಟ್ಟುತ್ತದೆ. ಬಳಕೆದಾರ ಪ್ರೋಗ್ರಾಮುಗಳಿಗೆ ಬೇಕಾದ ಕರ್ನಲ್ ಹೆಡರುಗಳು ಡೆಬಿಯನ್ ಮತ್ತು ಉಬುಂಟುಗಳಲ್ಲಿ ಲಿನಕ್ಸ್-ಲಿಬ್‌ಸಿ-ಡೆವ್ ಎಂಬ ಬೇರೆ ಪ್ಯಾಕೇಜಿನಿಂದ ಬರುತ್ತವೆ. ಫೆಡೋರಾದಲ್ಲಿ ಇವಕ್ಕೇ ಕರ್ನಲ್-ಹೆಡರ್ಸ್ ಎಂದು ಹೆಸರು, ಮಾಡ್ಯೂಲ್ ಕಟ್ಟುವ ಪ್ಯಾಕೇಜು ಅಲ್ಲಿ ಕರ್ನಲ್-ಡೆವೆಲ್. ಒಂದು ಕಡೆ ‘ಹೆಡರ್ಸ್’ ಎಂದರೆ ಮಾಡ್ಯೂಲಿಗೆ, ಇನ್ನೊಂದು ಕಡೆ ‘ಹೆಡರ್ಸ್’ ಎಂದರೆ ಪ್ರೋಗ್ರಾಮಿಗೆ. ಈ ಹೆಸರುಗಳನ್ನು ಇಟ್ಟವರು ಒಂದೇ ಕೋಣೆಯಲ್ಲಿ ಕುಳಿತಿರಲಿಲ್ಲ ಎಂಬುದು ಸ್ಪಷ್ಟ.

ಈ ಬೇರ್ಪಡೆ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಯೂಸರ್ ಇನ್‌ಕ್ಲೂಡ್ ಫೋಲ್ಡರಿನಲ್ಲಿ ಲಿನಕ್ಸ್ ಎಂಬ ಹೆಸರಿನ ಸಿಮ್‌ಲಿಂಕ್ ಇಟ್ಟು, ಅದನ್ನು ನೇರವಾಗಿ ಕರ್ನಲ್ ಸೋರ್ಸಿಗೆ ತೋರಿಸುವ ಪದ್ಧತಿ ಇತ್ತು. ಕರ್ನಲ್ ಬದಲಾಯಿಸಿದರೆ ಲೈಬ್ರರಿಯ ಹೆಡರುಗಳೂ ಅದರೊಂದಿಗೆ ಬದಲಾಗಿಬಿಡುತ್ತಿದ್ದವು. ಸಿ ಲೈಬ್ರರಿ ಯಾವ ಹೆಡರುಗಳೊಂದಿಗೆ ಕಂಪೈಲ್ ಆಗಿದೆಯೋ ಅವೇ ಅಲ್ಲಿ ಇರಬೇಕೆಂದು, ಈ ಸಿಮ್‌ಲಿಂಕ್ ಪದ್ಧತಿಯನ್ನು ಬಿಡಬೇಕೆಂದು ಲೈನಸ್ ಟೊರ್ವಾಲ್ಡ್ಸ್ 2000ರಲ್ಲೇ ಹೇಳಿದ್ದರು. ಒಂದೇ ಫೈಲಿನೊಳಗೆ ಕರ್ನಲ್ಲಿಗೆ ಮಾತ್ರ ಸೇರಿದ ಭಾಗವನ್ನು ಡಬಲ್ ಅಂಡರ್‌ಸ್ಕೋರ್ ಕರ್ನಲ್ ಎಂಬ ಮ್ಯಾಕ್ರೋದ ಇಫ್‌ಡೆಫ್ ಒಳಗೆ ಮುಚ್ಚಿಡುವ ರೂಢಿಯೂ ಬಹಳ ವರ್ಷ ನಡೆಯಿತು. 2006ರ 2.6.18 ಆವೃತ್ತಿಯಲ್ಲಿ ಮೇಕ್ ಹೆಡರ್ಸ್-ಇನ್‌ಸ್ಟಾಲ್ ಎಂಬ ಆದೇಶ ಬಂದ ಮೇಲೆ, ಆ ಮುಚ್ಚಿದ ಭಾಗಗಳನ್ನು ಕತ್ತರಿಸಿ ಹೊರಗಿನವರಿಗೆ ಕೊಡಬಹುದಾದ ಹೆಡರುಗಳನ್ನಷ್ಟೇ ತೆಗೆದುಕೊಡುವ ವ್ಯವಸ್ಥೆಯಾಯಿತು. 2012ರ ಡಿಸೆಂಬರಿನಲ್ಲಿ ಬಂದ 3.7 ಆವೃತ್ತಿಯಲ್ಲಿ ಡೇವಿಡ್ ಹೋವೆಲ್ಸ್ ಅವರ ಕೆಲಸದಿಂದಾಗಿ ಈ ಹಂಚಿಕೊಳ್ಳುವ ಭಾಗವೆಲ್ಲ ಯುಎಪಿಐ ಎಂಬ ಬೇರೆ ಫೋಲ್ಡರಿಗೆ ಹೋಯಿತು. ಈಗ ಕರ್ನಲ್ಲಿನ ಒಳ ಹೆಡರ್ ತನ್ನ ಯುಎಪಿಐ ಜೊತೆಗಾರನನ್ನು ಸೇರಿಸಿಕೊಳ್ಳುತ್ತದೆ. ಯುಎಪಿಐ ಹೆಡರ್ ಮಾತ್ರ ಒಳಗಿನ ಯಾವುದನ್ನೂ ಸೇರಿಸಿಕೊಳ್ಳುವುದಿಲ್ಲ.

ನೀವೂ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬೇಕು. ಡ್ರೈವರ್ ಮತ್ತು ಪ್ರೋಗ್ರಾಮ್ ಎರಡನ್ನೂ ಒಂದೇ ಗಿಟ್ ರೆಪೊದಲ್ಲಿಟ್ಟು, ನಡುವೆ ಯುಎಪಿಐ ಎಂಬ ಫೋಲ್ಡರ್ ಮಾಡಿ, ಆ ಹತ್ತು ಸಾಲುಗಳ ಒಂದೇ ಹೆಡರನ್ನು ಅಲ್ಲಿಡಿ. ಡ್ರೈವರಿನ ಮೇಕ್‌ಫೈಲಿಗೂ ಪ್ರೋಗ್ರಾಮಿನ ಮೇಕ್‌ಫೈಲಿಗೂ ಅದೇ ಫೋಲ್ಡರನ್ನು ತೋರಿಸಿ. ಅದರೊಳಗೆ ಸೇರಿಸಬೇಕಾದವು ಲಿನಕ್ಸ್ ಟೈಪ್ಸ್ ಮತ್ತು ಲಿನಕ್ಸ್ ಐಒಸಿಟಿಎಲ್ ಎಂಬ ಎರಡು ಹೆಡರುಗಳು ಮಾತ್ರ, ಏಕೆಂದರೆ ಇವೆರಡೂ ಎರಡೂ ಕಡೆ ಸಿಗುತ್ತವೆ. ಮ್ಯೂಟೆಕ್ಸ್, ಎಸ್‌ಪಿಐ ಎಲ್ಲವೂ ಡ್ರೈವರಿನ ಸ್ವಂತ ಹೆಡರಿನಲ್ಲೇ ಉಳಿಯಲಿ. ಕರ್ನಲ್ ಕೋಡಿನಲ್ಲಿ ಪಾಯಿಂಟರಿಗೆ ಹಚ್ಚುವ ಡಬಲ್ ಅಂಡರ್‌ಸ್ಕೋರ್ ಯೂಸರ್ ಎಂಬ ಗುರುತನ್ನು ಈ ಫೈಲಿನಲ್ಲಿ ಬಳಸಬೇಡಿ. ಹೆಡರ್ಸ್-ಇನ್‌ಸ್ಟಾಲ್ ಅದನ್ನು ಅಳಿಸಿ ಕೊಡುತ್ತದೆ, ಆದರೆ ನಿಮ್ಮ ಫೈಲು ಆ ದಾರಿಯಲ್ಲಿ ಹೋಗುವುದಿಲ್ಲ. ಹೆಡರಿನ ಮೊದಲ ಸಾಲಿನಲ್ಲಿ ಲೈಸೆನ್ಸಿನ ಗುರುತನ್ನು ‘ಜಿಪಿಎಲ್-2.0 ವಿತ್ ಲಿನಕ್ಸ್-ಸಿಸ್ಕಾಲ್-ನೋಟ್’ ಎಂದು ಬರೆಯುವುದು ಒಳ್ಳೆಯದು. ಆ ಟಿಪ್ಪಣಿ ಇದ್ದರೆ ಹೆಡರನ್ನು ಸೇರಿಸಿಕೊಂಡ ಮಾತ್ರಕ್ಕೆ ನಿಮ್ಮ ಪ್ರೋಗ್ರಾಮ್ ಜಿಪಿಎಲ್ ಆಗಬೇಕೇ ಎಂಬ ಚರ್ಚೆ ಏಳುವುದಿಲ್ಲ.

ಇನ್ನು ಟೈಪುಗಳ ವಿಷಯ. ಲಾಂಗ್ ಎಂಬುದು 32 ಬಿಟ್ ಆರ್ಮ್‌ನಲ್ಲಿ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್. ನಿಮ್ಮ ಸ್ಟ್ರಕ್ಟನ್ನು ಲೆಕ್ಕ ಹಾಕಿ ನೋಡಿ: 32 ಬಿಟ್‌ನಲ್ಲಿ ಶಾರ್ಟಿಗೆ 2, ಖಾಲಿ 2, ಲಾಂಗಿಗೆ 4, ಎರಡು ಇಂಟಿಗೆ 8, ಒಟ್ಟು 16 ಬೈಟ್, 64 ಬಿಟ್‌ನಲ್ಲಿ 2, ಖಾಲಿ 6, ಲಾಂಗಿಗೆ 8, ಇಂಟುಗಳಿಗೆ 8, ಒಟ್ಟು 24 ಬೈಟ್. ಹೆಡರಿನ ಅಕ್ಷರಗಳು ಎರಡೂ ಕಡೆ ಒಂದೇ ಆಗಿದ್ದರೂ ಕಂಪೈಲರ್ ಅದರಿಂದ ಎರಡು ಬೇರೆ ನಕ್ಷೆಗಳನ್ನು ಮಾಡುತ್ತದೆ. ಕೋಲ್ಡ್ ಸ್ಟೋರೇಜ್‌ನವರು ಚೀಲ ಇಟ್ಟವರಿಗೆ ಕೊಡುವ ಪಾವತಿಯಲ್ಲಿ ಕಾಲಮ್ಮುಗಳ ಶೀರ್ಷಿಕೆ ಒಂದೇ ಆಗಿದ್ದು ಅಗಲ ಬೇರೆಯಾದರೆ, ಕಾರ್ಬನ್ ಪ್ರತಿಯಲ್ಲಿ ತೂಕದ ಅಂಕಿ ದರದ ಕಾಲಮ್ಮಿನಲ್ಲಿ ಮೂಡುತ್ತದಲ್ಲ, ಹಾಗೆ. ಆದ್ದರಿಂದ ಹಂಚಿಕೊಳ್ಳುವ ಹೆಡರಿನಲ್ಲಿ ಅಗಲ ನಿಶ್ಚಿತವಾಗಿರುವ, ಡಬಲ್ ಅಂಡರ್‌ಸ್ಕೋರಿನಿಂದ ಶುರುವಾಗುವ ಯು32, ಎಸ್32, ಎಸ್64 ಟೈಪುಗಳನ್ನೇ ಬಳಸಬೇಕು. ಅಂಡರ್‌ಸ್ಕೋರ್ ಇಲ್ಲದ ಯು32 ಕರ್ನಲ್ಲಿನ ಒಳಗೆ ಮಾತ್ರ ಇರುವಂಥದ್ದು.

ಐಒಸಿಟಿಎಲ್ ಸಂಖ್ಯೆಯೊಳಗೆ ಸ್ಟ್ರಕ್ಟಿನ ಗಾತ್ರವೂ ಅಡಗಿರುತ್ತದೆ. ನಿಮ್ಮ ಪ್ರೋಗ್ರಾಮ್ 16 ಬೈಟಿನ ಸಂಖ್ಯೆ ಕಳಿಸುತ್ತಿದೆ, ಡ್ರೈವರ್ 24 ಬೈಟಿನ ಸಂಖ್ಯೆಗೆ ಕಾಯುತ್ತಿದೆ, ಆದೇಶಗಳನ್ನು ವಿಂಗಡಿಸುವ ಸ್ವಿಚ್‌ನಲ್ಲಿ ಯಾವುದೂ ಹೊಂದದೆ ಕೊನೆಯ ಡೀಫಾಲ್ಟ್ 25ನೇ ದೋಷವನ್ನು ಮರಳಿಸುತ್ತಿದೆ. ಟೈಪುಗಳನ್ನು ಸರಿಪಡಿಸಿದರೆ ಸಮಸ್ಯೆ ತೀರುತ್ತದೆ.


ಉತ್ತರ: ಕಪ್ಪತಗುಡ್ಡ, ಗದಗ

ಸಾಧನಕೇರಿಯವರ ವಿವರಣೆಯೆಲ್ಲ ಸರಿ, ಕೊನೆಯ ಪ್ಯಾರಾ ಒಂದನ್ನು ಬಿಟ್ಟು. ಕೇಳಿದವರು ಒಂದು ಮುಖ್ಯ ಸುಳಿವನ್ನು ಕೊಟ್ಟಿದ್ದಾರೆ: ಫಂಕ್ಷನ್ನಿನ ಮೊದಲ ಸಾಲಿನ ಪ್ರಿಂಟ್ ಕೂಡ ಲಾಗ್‌ನಲ್ಲಿ ಬಂದಿಲ್ಲ. ಸಂಖ್ಯೆ ಹೊಂದದೆ ಡೀಫಾಲ್ಟಿಗೆ ಹೋಗಿದ್ದರೆ ಪ್ರಿಂಟ್ ಬರಲೇಬೇಕಿತ್ತು. ಅಂದರೆ ಕರೆ ಡ್ರೈವರಿನವರೆಗೆ ಬರುತ್ತಲೇ ಇಲ್ಲ.

64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಮ್ ಐಒಸಿಟಿಎಲ್ ಕರೆದಾಗ, ಕರ್ನಲ್ ಅದನ್ನು ಬೇರೆ ಬಾಗಿಲಿನಿಂದ ಒಳಗೆ ತೆಗೆದುಕೊಳ್ಳುತ್ತದೆ. ಫೈಲ್ ಆಪರೇಶನ್ಸ್ ಸ್ಟ್ರಕ್ಟಿನಲ್ಲಿ ಅನ್‌ಲಾಕ್ಡ್ ಐಒಸಿಟಿಎಲ್ ಎಂಬ ಜಾಗವನ್ನು ನೀವು ತುಂಬಿರುತ್ತೀರಿ, ಅದು 64 ಬಿಟ್ ಪ್ರೋಗ್ರಾಮುಗಳಿಗೆ. 32 ಬಿಟ್‌ನವರಿಗೆ ಕಂಪ್ಯಾಟ್ ಐಒಸಿಟಿಎಲ್ ಎಂಬ ಇನ್ನೊಂದು ಜಾಗವಿದೆ. ಅದು ಖಾಲಿಯಿದ್ದರೆ ಕರ್ನಲ್ ತಾನೇ 25ನೇ ದೋಷವನ್ನು ಮರಳಿಸಿಬಿಡುತ್ತದೆ. ಡ್ರೈವರ್ ಬರೆದವರು 32 ಬಿಟ್ ನಕ್ಷೆಯ ಬಗ್ಗೆ ಯೋಚಿಸಿದ್ದಾರೆ ಎಂಬ ಖಾತರಿ ಇಲ್ಲದೆ ಕರ್ನಲ್ ಸುಮ್ಮನೆ ದಾಟಿಸಲು ಒಪ್ಪುವುದಿಲ್ಲ. ನಿಮ್ಮ ವಿಷಯದಲ್ಲಿ ಆ ಅನುಮಾನ ನಿಜವೇ ಆಗಿತ್ತು ನೋಡಿ.

ಸ್ಟ್ರಕ್ಟಿನ ನಕ್ಷೆ ಎರಡೂ ಕಡೆ ಒಂದೇ ಆಗಿದ್ದರೆ ಆ ಜಾಗದಲ್ಲಿ ಕಂಪ್ಯಾಟ್-ಪಿಟಿಆರ್-ಐಒಸಿಟಿಎಲ್ ಎಂಬ ಸಿದ್ಧ ಫಂಕ್ಷನ್ನನ್ನು ಇಟ್ಟರೆ ಸಾಕು. ಇದು 5.5 ಆವೃತ್ತಿಯಿಂದ ಕರ್ನಲ್ಲಿನಲ್ಲೇ ಇದೆ, ಪಾಯಿಂಟರನ್ನು ಪರಿವರ್ತಿಸಿ ನಿಮ್ಮ ಮಾಮೂಲಿ ಫಂಕ್ಷನ್ನನ್ನೇ ಕರೆಯುತ್ತದೆ. ಆದರೆ ಈಗಿನ ಲಾಂಗ್ ಇರುವ ಸ್ಟ್ರಕ್ಟಿನೊಂದಿಗೆ ಇದನ್ನು ಇಟ್ಟರೆ, ಆಗ ನೀವು ಸಾಧನಕೇರಿಯವರು ಹೇಳಿದ ಎರಡನೆಯ ದೋಷಕ್ಕೆ ಬಂದು ನಿಲ್ಲುತ್ತೀರಿ. ಎರಡು ಬೇರೆ ಕಾರಣಗಳು ಒಂದೇ ಸಂಖ್ಯೆಯ ದೋಷವನ್ನು ತೋರಿಸುವುದರಿಂದ ಒಂದನ್ನು ಸರಿಪಡಿಸಿದವರು ಏನೂ ಬದಲಾಗಲಿಲ್ಲವೆಂದು ಅದನ್ನು ಹಿಂದೆ ತೆಗೆದುಬಿಡುವ ಅಪಾಯವಿದೆ. ಗಾಳಿಯಂತ್ರಗಳ ಮೇಲ್ವಿಚಾರಣೆಯ ಬೋರ್ಡಿನಲ್ಲಿ ನಾನು ಇದೇ ತಪ್ಪು ಮಾಡಿ ಎರಡು ದಿನ ಕಳೆದಿದ್ದೇನೆ.

ಸಂಖ್ಯೆಯ ರಚನೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಮುಂದೆ ಹೆದರಿಕೆ ಇರುವುದಿಲ್ಲ. ಅದು 32 ಬಿಟ್‌ನ ಸಂಖ್ಯೆ: ಕೆಳಗಿನ 8 ಬಿಟ್ ಆದೇಶದ ಕ್ರಮಸಂಖ್ಯೆ, ಅದರ ಮೇಲಿನ 8 ಬಿಟ್ ನೀವು ಆರಿಸಿದ ಅಕ್ಷರ, ಅದರ ಮೇಲೆ 14 ಬಿಟ್ ಸ್ಟ್ರಕ್ಟಿನ ಗಾತ್ರ, ತುದಿಯ 2 ಬಿಟ್ ದಿಕ್ಕು. ನೀವು ಬ್ಯಾಡಗಿಯ ನೆನಪಿಗೆ ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರವನ್ನು ಆರಿಸಿದ್ದರೆ, ಹೆಕ್ಸ್‌ನಲ್ಲಿ ಅದು 62. ಕ್ರಮಸಂಖ್ಯೆ 1, ಕರ್ನಲ್ಲಿನಿಂದ ಓದುವ ದಿಕ್ಕು ಎಂದಿಟ್ಟುಕೊಂಡರೆ 16 ಬೈಟಿನ ಸ್ಟ್ರಕ್ಟಿಗೆ ಹೆಕ್ಸ್ 80106201, 24 ಬೈಟಿನದಕ್ಕೆ ಹೆಕ್ಸ್ 80186201 ಆಗುತ್ತದೆ. ಪ್ರೋಗ್ರಾಮ್ ಕರ್ನಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಮೂಲಕ ಅದನ್ನು ಓಡಿಸಿದರೆ ಈ ನಾಲ್ಕು ಭಾಗಗಳನ್ನು ಅದೇ ಬಿಡಿಸಿ ತೋರಿಸುತ್ತದೆ.

ಹಳೆಯ ಸ್ಟ್ರಕ್ಟಿನಲ್ಲಿ ಇನ್ನೂ ಒಂದು ದೋಷವಿದೆ. 64 ಬಿಟ್‌ನಲ್ಲಿ ಶಾರ್ಟಿನ ನಂತರ ಉಳಿಯುವ 6 ಖಾಲಿ ಬೈಟುಗಳಲ್ಲಿ ಯಾರೂ ಏನೂ ಬರೆದಿರುವುದಿಲ್ಲ. ಸ್ಟ್ರಕ್ಟ್ ಸ್ಟ್ಯಾಕಿನ ಮೇಲೆ ಇದ್ದರೆ, ಅಲ್ಲಿ ಹಿಂದೆ ಯಾವ ಫಂಕ್ಷನ್ ಏನು ಬಿಟ್ಟುಹೋಗಿತ್ತೋ ಅದು ಪ್ರೋಗ್ರಾಮಿಗೆ ನಕಲು ಮಾಡಿಕೊಡುವ ಕಾಪಿ-ಟು-ಯೂಸರ್ ಮೂಲಕ ಹೊರಗೆ ಹೋಗುತ್ತದೆ. ಮೆಣಸಿನಕಾಯಿ ಗೋದಾಮಿನಲ್ಲಿ ಇದರಿಂದ ದೊಡ್ಡ ಅನಾಹುತವಾಗದಿರಬಹುದು, ಆದರೆ ಕರ್ನಲ್ಲಿನ ಮಾಹಿತಿ ಸೋರಿಕೆಯ ಎಷ್ಟೋ ದೋಷಗಳು ಇಂಥ ಖಾಲಿ ಬೈಟುಗಳಿಂದಲೇ ಆದಂಥವು. ಖಾಲಿ ಜಾಗವನ್ನು ಕಂಪೈಲರಿಗೆ ಬಿಡದೆ ರಿಸರ್ವ್ಡ್ ಎಂಬ ಹೆಸರು ಕೊಟ್ಟು ನೀವೇ ಬರೆಯಿರಿ, ಕಳಿಸುವ ಮೊದಲು ಸ್ಟ್ರಕ್ಟನ್ನೆಲ್ಲ ಸೊನ್ನೆ ಮಾಡಿ.


ಪ್ರಶ್ನಿಸಿದವರಿಂದ: ಗೋಕುಲ ರಸ್ತೆ, ಹುಬ್ಬಳ್ಳಿ

ಇಬ್ಬರಿಗೂ ಕೃತಜ್ಞತೆಗಳು. ಕಪ್ಪತಗುಡ್ಡದವರು ಹೇಳಿದಂತೆಯೇ ಕಂಪ್ಯಾಟ್ ಜಾಗ ಖಾಲಿಯಿತ್ತು. ಅದನ್ನು ತುಂಬಿದ ಕೂಡಲೇ ಪ್ರಿಂಟ್ ಲಾಗ್‌ನಲ್ಲಿ ಬಂತು, ದೋಷ ಮಾತ್ರ ಹಾಗೆಯೇ ಉಳಿಯಿತು. ಎಸ್‌ಟ್ರೇಸ್‌ನಲ್ಲಿ ಗಾತ್ರ ಹೆಕ್ಸ್ 10 ಎಂದು, ಅಂದರೆ 16 ಎಂದು ಕಾಣಿಸಿತು. ನಿಮ್ಮ ಎಚ್ಚರಿಕೆ ಇಲ್ಲದಿದ್ದರೆ ನಾನೂ ಆ ಸಾಲನ್ನು ಅಳಿಸಿಯೇ ಬಿಡುತ್ತಿದ್ದೆ.

ಈಗ ಹೊಸ ಸ್ಟ್ರಕ್ಟನ್ನು ಹೀಗೆ ಬರೆದಿದ್ದೇನೆ: ಮೊದಲು ಸಮಯಕ್ಕೆ ಎಸ್64, ನಂತರ ಸೆನ್ಸರ್ ಸಂಖ್ಯೆಗೆ ಯು32, ತಾಪಮಾನಕ್ಕೆ ಎಸ್32, ತೇವಾಂಶಕ್ಕೆ ಯು32, ಕೊನೆಯಲ್ಲಿ ರಿಸರ್ವ್ಡ್ ಎಂದು ಯು32. ಒಟ್ಟು 24 ಬೈಟ್, ಎರಡೂ ಕಡೆ ಒಂದೇ. ಆದೇಶದ ಅಕ್ಷರ ಮತ್ತು ಕ್ರಮಸಂಖ್ಯೆಯನ್ನು ಹಿಂದಿನಂತೆ ‘ಬಿ’ ಮತ್ತು 1 ಎಂದೇ ಇಟ್ಟಿದ್ದೇನೆ.

ಸ್ಥಳದಲ್ಲಿರುವ ಪೆಟ್ಟಿಗೆಗಳ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಒಟ್ಟು ನಾಲ್ಕು ಕಡೆ ನಮ್ಮ ಪೆಟ್ಟಿಗೆಗಳಿವೆ. ಮೂರರಲ್ಲಿ ಹಳೆಯ 32 ಬಿಟ್ ಪ್ರೋಗ್ರಾಮ್ ಇದೆ. ನಾಲ್ಕನೆಯದರಲ್ಲಿ ಅಪ್‌ಡೇಟ್ ಆಗಿ ಎಲ್ಲ ನಿಂತುಹೋದಾಗ, ಮಾಲೀಕರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರೆಂದು, ಹಳೆಯ ಹೆಡರಿನಿಂದಲೇ ಪ್ರೋಗ್ರಾಮನ್ನು 64 ಬಿಟ್‌ಗೆ ಸ್ಟ್ಯಾಟಿಕ್ ಆಗಿ ಕಟ್ಟಿ ಹಾಕಿ ಬಂದಿದ್ದೆ. ಅದು ಈಗಲೂ ನಡೆಯುತ್ತಿದೆ. ಮುಂದಿನ ವಾರ ನಾಲ್ಕಕ್ಕೂ ಹೊಸ ಡ್ರೈವರ್ ಹೋಗುತ್ತದೆ, ಪ್ರೋಗ್ರಾಮನ್ನು ಮಾತ್ರ ಒಂದೊಂದಾಗಿ ನಿಧಾನವಾಗಿ ಬದಲಾಯಿಸುವ ವಿಚಾರವಿದೆ.


ಉತ್ತರ: ವಿದ್ಯಾನಗರದ ವಿದ್ಯಾರ್ಥಿನಿ, ಹುಬ್ಬಳ್ಳಿ

ನಡುವೆ ಬಂದದ್ದಕ್ಕೆ ಹಿರಿಯರು ಕ್ಷಮಿಸಬೇಕು. ನಮ್ಮ ಆಪರೇಟಿಂಗ್ ಸಿಸ್ಟಮ್ ಪ್ರಯೋಗಾಲಯದಲ್ಲಿ ಎಂಐಟಿಯವರು ಕಲಿಕೆಗಾಗಿ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬಳಸುತ್ತೇವೆ. ಅಲ್ಲಿ ಬಳಕೆದಾರ ಪ್ರೋಗ್ರಾಮುಗಳು ಕರ್ನಲ್ ಫೋಲ್ಡರಿನ ಟೈಪ್ಸ್, ಸ್ಟ್ಯಾಟ್, ಎಫ್‌ಕಂಟ್ರೋಲ್ ಹೆಡರುಗಳನ್ನು ನೇರವಾಗಿಯೇ ಸೇರಿಸಿಕೊಳ್ಳುತ್ತವೆ, ಯಾವ ಜಗಳವೂ ಆಗುವುದಿಲ್ಲ. ಅಲ್ಲಿ ನಡೆಯುವುದು ಲಿನಕ್ಸ್‌ನಲ್ಲಿ ಏಕೆ ನಡೆಯುವುದಿಲ್ಲ ಸರ್?


ಉತ್ತರ: ಸಾಧನಕೇರಿ, ಧಾರವಾಡ

ಮೊದಲು ತಪ್ಪೊಪ್ಪಿಗೆ: ಪ್ರಿಂಟ್ ಬರಲಿಲ್ಲವೆಂಬ ಸಾಲನ್ನು ನಾನು ಓದಿಯೂ ಗಮನಿಸಲಿಲ್ಲ. ಕಪ್ಪತಗುಡ್ಡದವರು ತಿದ್ದಿದ್ದು ಒಳ್ಳೆಯದಾಯಿತು.

ತಂಗಿ, ಪ್ರಶ್ನೆ ಕೇಳಲು ಕ್ಷಮೆ ಬೇಕಿಲ್ಲ. ಎಕ್ಸ್‌ವಿ6 ಅನ್ನು ಕಟ್ಟಿದಾಗ ಕರ್ನಲ್, ಎಲ್ಲ ಬಳಕೆದಾರ ಪ್ರೋಗ್ರಾಮುಗಳು, ಅವುಗಳನ್ನು ತುಂಬಿದ ಡಿಸ್ಕ್ ಚಿತ್ರ, ಎಲ್ಲವೂ ಒಂದೇ ಹೆಡರುಗಳಿಂದ, ಒಂದೇ ಕಂಪೈಲರಿನಿಂದ ತಯಾರಾಗುತ್ತವೆ. ಹಳೆಯ ಪ್ರೋಗ್ರಾಮ್ ಹೊಸ ಕರ್ನಲ್ಲಿನ ಮೇಲೆ ಓಡುವ ಸಂದರ್ಭವೇ ಅಲ್ಲಿ ಬರುವುದಿಲ್ಲ. ಎರಡನೆಯದಾಗಿ, ಅಲ್ಲಿ ಜಿಲಿಬ್‌ಸಿ ಇಲ್ಲ. ಬಳಕೆದಾರರ ಕಡೆಯ ಲೈಬ್ರರಿ ಎಂದರೆ ಅದೇ ಮರದ ಕೆಲವು ಸಣ್ಣ ಫೈಲುಗಳು. ಒಂದೇ ಮನೆಯಲ್ಲಿ ಇರುವವರು ಒಂದೇ ಡಬ್ಬಿಯಿಂದ ಉಪ್ಪು ತೆಗೆದುಕೊಂಡ ಹಾಗೆ ಅದು ನಡೆಯುತ್ತದೆ. ಬಿಎಸ್‌ಡಿ ವ್ಯವಸ್ಥೆಗಳಲ್ಲೂ ಕರ್ನಲ್ ಮತ್ತು ಸಿ ಲೈಬ್ರರಿ ಒಂದೇ ಮರದಲ್ಲಿ ಬೆಳೆಯುವುದರಿಂದ, ಸಿಸ್ ಫೋಲ್ಡರಿನ ಅದೇ ಹೆಡರುಗಳು ಅಂಡರ್‌ಸ್ಕೋರ್ ಕರ್ನಲ್ ಎಂಬ ಮ್ಯಾಕ್ರೋದ ತಡೆಯೊಂದಿಗೆ ಎರಡೂ ಕಡೆ ಬಳಕೆಯಾಗುತ್ತವೆ. ಲಿನಕ್ಸ್ ಕರ್ನಲ್ ಒಂದು ಕಡೆಯವರದು, ಸಿ ಲೈಬ್ರರಿಗಳಾದ ಜಿಲಿಬ್‌ಸಿಯೂ ಮಸ್ಲ್ ಕೂಡ ಬೇರೆಯವರದು, ಬಿಡುಗಡೆಯ ವೇಳಾಪಟ್ಟಿಯೂ ಬೇರೆ. 2022ರಲ್ಲಿ ಜಿಲಿಬ್‌ಸಿ 2.36 ಬಂದಾಗ ಅದರ ಸಿಸ್ ಮೌಂಟ್ ಹೆಡರ್ ಮತ್ತು ಕರ್ನಲ್ಲಿನ ಲಿನಕ್ಸ್ ಮೌಂಟ್ ಹೆಡರ್ ಎರಡನ್ನೂ ಸೇರಿಸಿದ್ದ ಹಲವು ಪ್ರೋಗ್ರಾಮುಗಳು ಕಂಪೈಲ್ ಆಗದೆ ನಿಂತವು; ಯುಎಪಿಐ ಬಂದು ಹತ್ತು ವರ್ಷವಾದ ಮೇಲೂ ಹೀಗಾಯಿತೆಂದರೆ ಬೇರ್ಪಡೆ ಎಷ್ಟು ಕಷ್ಟದ್ದೆಂದು ಊಹಿಸಿ.

ಎಕ್ಸ್‌ವಿ6ನಲ್ಲೂ ಒಂದು ಕಡೆ ಜಗಳ ಇಣುಕುತ್ತದೆ, ನಿಮ್ಮ ಲ್ಯಾಬಿನಲ್ಲೇ ತೆರೆದು ನೋಡಬಹುದು. ಡಿಸ್ಕ್ ಚಿತ್ರವನ್ನು ತಯಾರಿಸುವ ಎಂಕೆಎಫ್‌ಎಸ್ ಪ್ರೋಗ್ರಾಮ್ ಓಡುವುದು ಎಕ್ಸ್‌ವಿ6 ಒಳಗಲ್ಲ, ನಿಮ್ಮ ಲ್ಯಾಪ್‌ಟಾಪಿನ ಲಿನಕ್ಸ್ ಮೇಲೆ. ಅದಕ್ಕೆ ಎಕ್ಸ್‌ವಿ6 ಫೈಲ್ ಸಿಸ್ಟಮ್ಮಿನ ಹೆಡರೂ ಬೇಕು, ಲ್ಯಾಪ್‌ಟಾಪಿನ ಸಿ ಲೈಬ್ರರಿಯೂ ಬೇಕು, ಸ್ಟ್ಯಾಟ್ ಎಂಬ ಸ್ಟ್ರಕ್ಟ್ ಎರಡರಲ್ಲೂ ಇದೆ. ಹಾಗಾಗಿ ಆ ಫೈಲಿನಲ್ಲಿ ಕರ್ನಲ್ ಹೆಡರುಗಳನ್ನು ಸೇರಿಸುವ ಮೊದಲು ಸ್ಟ್ಯಾಟ್ ಎಂಬುದನ್ನು ಎಕ್ಸ್‌ವಿ6-ಸ್ಟ್ಯಾಟ್ ಎಂದು ಡಿಫೈನ್ ಮಾಡಿದ್ದಾರೆ. ಗೋಕುಲ ರಸ್ತೆಯವರು ಕಂಡ ನೂರಾರು ದೋಷಗಳ ಒಂದು ಸಣ್ಣ ಮಾದರಿ ಅದು.


ಉತ್ತರ: ಕಪ್ಪತಗುಡ್ಡ, ಗದಗ

ಗೋಕುಲ ರಸ್ತೆಯವರೇ, ಆ ಡ್ರೈವರನ್ನು ಕಳಿಸುವ ಮೊದಲು ದಯವಿಟ್ಟು ನಿಲ್ಲಿಸಿ. ನಿಮ್ಮ ಹೊಸ ಸ್ಟ್ರಕ್ಟ್ 24 ಬೈಟ್. ಹಳೆಯ ಸ್ಟ್ರಕ್ಟ್ 64 ಬಿಟ್‌ನಲ್ಲಿ ಕೂಡ 24 ಬೈಟ್. ಅಕ್ಷರ ಅದೇ, ಕ್ರಮಸಂಖ್ಯೆ ಅದೇ, ದಿಕ್ಕು ಅದೇ, ಗಾತ್ರವೂ ಅದೇ ಆದುದರಿಂದ ಎರಡರ ಐಒಸಿಟಿಎಲ್ ಸಂಖ್ಯೆ ಹೆಕ್ಸ್ 80186201 ಒಂದೇ ಆಗುತ್ತದೆ, ಒಳಗಿನ ಅನುಕ್ರಮ ಮಾತ್ರ ಬೇರೆ.

32 ಬಿಟ್ ಪ್ರೋಗ್ರಾಮ್ ಇರುವ ಮೂರು ಕಡೆ ಹೊಸ ಡ್ರೈವರ್ 80106201 ಎಂಬ ಸಂಖ್ಯೆಯನ್ನು ಗುರುತಿಸದೆ ದೋಷ ಕೊಡುತ್ತದೆ. ಕೆಲಸ ನಿಂತರೂ ನಿಂತದ್ದು ಗೊತ್ತಾಗುತ್ತದೆ. ನಾಲ್ಕನೆಯ ಕಡೆ ಹಾಗಲ್ಲ. ಅಲ್ಲಿರುವ 64 ಬಿಟ್ ಪ್ರೋಗ್ರಾಮಿನ ಕರೆಯನ್ನು ಡ್ರೈವರ್ ಸಂತೋಷದಿಂದ ಒಪ್ಪಿಕೊಂಡು ಹೊಸ ಅನುಕ್ರಮದಲ್ಲಿ ಬೈಟುಗಳನ್ನು ತುಂಬಿ ಕೊಡುತ್ತದೆ. ಹಳೆಯ ಪ್ರೋಗ್ರಾಮ್ ತಾಪಮಾನವನ್ನು 16ನೇ ಬೈಟಿನಿಂದ ಓದುತ್ತದೆ, ಹೊಸ ನಕ್ಷೆಯಲ್ಲಿ ಅಲ್ಲಿರುವುದು ತೇವಾಂಶ. ತೇವಾಂಶವನ್ನು 20ನೇ ಬೈಟಿನಿಂದ ಓದುತ್ತದೆ, ಅಲ್ಲಿ ರಿಸರ್ವ್ಡ್ ಸೊನ್ನೆ. ಗೋದಾಮಿನಲ್ಲಿ 5 ಡಿಗ್ರಿ, ಶೇಕಡಾ 62 ತೇವಾಂಶ ಇದ್ದರೆ ಪರದೆಯ ಮೇಲೆ 62 ಡಿಗ್ರಿ, ಸೊನ್ನೆ ತೇವಾಂಶ ಎಂದು ಕಾಣುತ್ತದೆ. ಸಮಯದ ಜಾಗದಲ್ಲಿ ಸೆನ್ಸರ್ ಸಂಖ್ಯೆ ಮತ್ತು ತಾಪಮಾನ ಅಂಟಿಕೊಂಡು ಆದ ಒಂದು ದೊಡ್ಡ ಅಸಂಬದ್ಧ ಅಂಕಿ ಇರುತ್ತದೆ. ಮೇಲಿಂದ ಮೇಲೆ ಫೋನ್ ಮಾಡುವ ಆ ಮಾಲೀಕರು ಅದನ್ನು ನೋಡಿದರೆ ಈ ಸಲ ಫೋನ್ ಮಾಡದೆ ನೇರವಾಗಿ ಗೋಕುಲ ರಸ್ತೆಗೇ ಬರುತ್ತಾರೆ.

ಪರಿಹಾರ ಸುಲಭ. ಹೊಸ ಸ್ಟ್ರಕ್ಟಿಗೆ ಹೊಸ ಹೆಸರು ಮತ್ತು 2 ಎಂಬ ಹೊಸ ಕ್ರಮಸಂಖ್ಯೆ ಕೊಡಿ. ಹಳೆಯ ಎರಡು ನಕ್ಷೆಗಳನ್ನು ಡ್ರೈವರಿನ ಒಳ ಹೆಡರಿನಲ್ಲಿ, ಈಗ ಅಗಲ ನಿಶ್ಚಿತವಾದ ಟೈಪುಗಳಿಂದ, ಖಾಲಿ ಬೈಟುಗಳನ್ನೂ ಹೆಸರಿಸಿ ಬರೆದುಕೊಳ್ಳಿ: ಒಂದು 16 ಬೈಟಿನದು, ಇನ್ನೊಂದು 24 ಬೈಟಿನದು. ಎರಡರ ಗಾತ್ರ ಬೇರೆಯಾದ್ದರಿಂದ 1ನೇ ಆದೇಶದ ಎರಡು ರೂಪಗಳು ಸ್ವಿಚ್‌ನಲ್ಲಿ ಬೇರೆ ಬೇರೆ ಕೇಸ್‌ಗಳಾಗಿ ಕುಳಿತುಕೊಳ್ಳುತ್ತವೆ, ಒಂದೇ ಫಂಕ್ಷನ್ ಮೂವರಿಗೂ ಉತ್ತರ ಕೊಡುತ್ತದೆ. ಆಗ ಕಂಪ್ಯಾಟ್ ಜಾಗದಲ್ಲಿ ಸಿದ್ಧ ಫಂಕ್ಷನ್ನೇ ಸಾಕು, ಪ್ರೋಗ್ರಾಮುಗಳನ್ನು ನಿಮಗೆ ಬೇಕಾದ ವೇಗದಲ್ಲಿ ಬದಲಾಯಿಸಬಹುದು.

ಹೆಡರಿನ ಕೊನೆಯಲ್ಲಿ ಸ್ಟ್ಯಾಟಿಕ್ ಅಸರ್ಟ್ ಹಾಕಿ ಕಂಪೈಲ್ ಆಗುವಾಗಲೇ ಗಾತ್ರ 24 ಎಂದು ಪರೀಕ್ಷಿಸುವವರಿದ್ದಾರೆ, ನಾನೂ ಹಾಕುತ್ತೇನೆ. ಆದರೆ ಗಾತ್ರವೊಂದನ್ನೇ ನೋಡಿದರೆ ಮೇಲಿನ ತಪ್ಪು ಸಿಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಫೀಲ್ಡು ಎಷ್ಟನೇ ಬೈಟಿನಿಂದ ಶುರುವಾಗುತ್ತದೆ ಎಂಬ ಆಫ್‌ಸೆಟ್ಟನ್ನೂ ಪರೀಕ್ಷಿಸಬೇಕು. ಪಾಹೋಲ್ ಎಂಬ ಉಪಕರಣ ಡೀಬಗ್ ಮಾಹಿತಿ ಇರುವ ಮಾಡ್ಯೂಲಿನಿಂದ ಸ್ಟ್ರಕ್ಟಿನ ನಕ್ಷೆಯನ್ನೂ ಖಾಲಿ ಜಾಗಗಳನ್ನೂ ಮುದ್ರಿಸಿ ತೋರಿಸುತ್ತದೆ, ಒಮ್ಮೆ ಓಡಿಸಿ ನೋಡಿ.

ಮುಂದೆ ಇಂಟೆಲ್ ಬೋರ್ಡಿಗೆ ಹೋಗುವ ವಿಚಾರವಿದ್ದರೆ ಇನ್ನೊಂದು ಸಂಗತಿ. 32 ಬಿಟ್ ಇಂಟೆಲ್‌ನಲ್ಲಿ ಸ್ಟ್ರಕ್ಟಿನೊಳಗಿನ 64 ಬಿಟ್ ಫೀಲ್ಡ್ 4 ಬೈಟಿನ ಗಡಿಗೆ ಕುಳಿತರೆ ಸಾಕು, ಆರ್ಮ್‌ನಲ್ಲಿ ಮತ್ತು 64 ಬಿಟ್ ಇಂಟೆಲ್‌ನಲ್ಲಿ 8 ಬೈಟಿನ ಗಡಿಯೇ ಬೇಕು. ಯು32 ಮೊದಲು, ಯು64 ಆಮೇಲೆ ಬರೆದರೆ ಒಂದು ಕಡೆ 12 ಬೈಟ್, ಇನ್ನೊಂದು ಕಡೆ 16. ನೀವು ದೊಡ್ಡ ಫೀಲ್ಡನ್ನು ಮೊದಲು ಇಟ್ಟು ರಿಸರ್ವ್ಡ್‌ನಿಂದ ಕೊನೆಯನ್ನೂ ತುಂಬಿದ್ದೀರಿ, ಆದ್ದರಿಂದ ನಿಮ್ಮ ಸ್ಟ್ರಕ್ಟಿಗೆ ಈ ತೊಂದರೆ ಬರುವುದಿಲ್ಲ. ಸಮಯಕ್ಕೆ ಎಸ್64 ಆರಿಸಿದ್ದೂ ಸರಿಯಾಯಿತು. 32 ಬಿಟ್‌ನ ಸೆಕೆಂಡುಗಳ ಲೆಕ್ಕ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ, ಅಷ್ಟು ದಿನ ಬಾಳುವ ಪೆಟ್ಟಿಗೆಗಳನ್ನು ನಾನು ನೋಡಿದ್ದೇನೆ.


ಪ್ರಶ್ನಿಸಿದವರಿಂದ: ಗೋಕುಲ ರಸ್ತೆ, ಹುಬ್ಬಳ್ಳಿ

ನೀವು ಹೇಳಿದ್ದನ್ನು ಓದಿದ ಮೇಲೆ, ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ನನ್ನ ಮೊದಲಿನ ಡ್ರೈವರನ್ನೂ ಆ 64 ಬಿಟ್ ಪ್ರೋಗ್ರಾಮನ್ನೂ ಬೇಕೆಂದೇ ಜೊತೆಗೆ ಓಡಿಸಿ ನೋಡಿದೆ. ಪರದೆಯ ಮೇಲೆ 58 ಡಿಗ್ರಿ, ಸೊನ್ನೆ ತೇವಾಂಶ ಎಂದು ಬಂತು; ಕೋಣೆಯ ನಿಜವಾದ ತೇವಾಂಶ ಶೇಕಡಾ 58 ಇತ್ತು. ದೋಷದ ಸಂದೇಶ ಒಂದೂ ಇರಲಿಲ್ಲ.

ಈಗ 2ನೇ ಆದೇಶದೊಂದಿಗೆ ಹೊಸದಾಗಿ ಕಟ್ಟಿದ್ದೇನೆ. ಹಳೆಯ 32 ಬಿಟ್, ಹಳೆಯ 64 ಬಿಟ್, ಹೊಸ ಪ್ರೋಗ್ರಾಮ್ ಮೂರೂ ಒಂದೇ ಡ್ರೈವರಿನ ಮೇಲೆ ಸರಿಯಾದ ಅಂಕಿ ತೋರಿಸುತ್ತಿವೆ. ಪ್ರೋಗ್ರಾಮಿನ ಫೋಲ್ಡರಿನಲ್ಲಿದ್ದ ನಕಲು ಹೆಡರನ್ನು ಅಳಿಸಿಹಾಕಿದೆ. ಒಂದೇ ಸಂದೇಹ ಉಳಿದಿದೆ: 1ನೇ ಆದೇಶದ ಹಳೆಯ ಕೇಸ್‌ಗಳನ್ನು ಎಂದಿಗೆ ತೆಗೆಯಬಹುದು?


ಉತ್ತರ: ಕಪ್ಪತಗುಡ್ಡ, ಗದಗ

ನಿಮ್ಮ ಡ್ರೈವರ್ ಕರ್ನಲ್ಲಿನ ಮುಖ್ಯ ಮರದಲ್ಲಿದ್ದು ಊರೆಲ್ಲ ಬಳಸುತ್ತಿದ್ದರೆ, ತೆಗೆಯುವ ಮಾತೇ ಬರುತ್ತಿರಲಿಲ್ಲ. ಇದು ನಿಮ್ಮದೇ ನಾಲ್ಕು ಪೆಟ್ಟಿಗೆಗಳ ವಿಷಯವಾದ್ದರಿಂದ, ನಾಲ್ಕನೆಯದರ ಪ್ರೋಗ್ರಾಮ್ ಬದಲಾದ ದಿನ ಆ ಕೇಸ್‌ಗಳನ್ನು ತೆಗೆಯಬಹುದು. 1 ಎಂಬ ಕ್ರಮಸಂಖ್ಯೆಯನ್ನು ಮಾತ್ರ ಮತ್ತೆ ಯಾವುದಕ್ಕೂ ಕೊಡಬೇಡಿ. ಹೆಡರಿನಲ್ಲಿ ಅದರ ಜಾಗದಲ್ಲಿ ‘ಹಿಂದೆ ಬಳಕೆಯಾಗಿತ್ತು’ ಎಂದು ಒಂದು ಸಾಲಿನ ಕಾಮೆಂಟ್ ಬರೆದಿಡಿ. ಯಾವುದೋ ಬ್ಯಾಕಪ್ಪಿನಿಂದ ಆ ಹಳೆಯ ಪ್ರೋಗ್ರಾಮ್ ಎಂದಾದರೂ ಹೊರಬಂದರೆ ಅದಕ್ಕೆ 25ನೇ ದೋಷವೇ ಸಿಗಲಿ.